ಮ್ಯಾಟಿನ ಪಕ್ಕ ಕೂತವಳು

ಗಂಡ ತೀರಿಕೊಂಡಾಗ ದಾಕ್ಷಾಯಿಣಿ ಅಳಲಿಲ್ಲ...

ಮಣ್ಣು ಮಾಡುವಾಗಲೂ ಇಲ್ಲ, ಶಿವಗಣಾರಾಧನೆಯ ದಿನವೂ ಇಲ್ಲ. ಬಂದವರಿಗೆ ನೀರು ಕೊಟ್ಟಳು, ಎಲೆ ಹಾಕಿಸಿದಳು, ಉಳಿದ ಪಾಯಸವನ್ನು ಡಬ್ಬಿಗೆ ತುಂಬಿ ಅವರವರ ಕೈಗೆ ಕೊಟ್ಟು ಕಳಿಸಿದಳು.

ನೋಡಿದವರು ಸುಮ್ಮನಿರುತ್ತಾರಾ? ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕುವವರು ಯಾರು?

"ಕಲ್ಲು ಕಣ್ರೀ ನಮ್ಮ ಅತ್ತಿಗೆ..." ಎಂದು ಮೊದಲು ಅಂದವಳು ಗಂಡನ ಸ್ವಂತ ತಂಗಿ, ಪ್ರಭಾಮಣಿ. ಎರಡು ಬೀದಿ ಆಚೆ ಅವಳ ಮನೆ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

ಆ ಮಾತು ದಾಕ್ಷಾಯಿಣಿಯ ಕಿವಿಗೂ ಬಿತ್ತು. ಬೇಜಾರಾಗಲಿಲ್ಲ. ಸಿಟ್ಟೂ ಬರಲಿಲ್ಲ. ಏನೂ ಆಗಲಿಲ್ಲ... ಅದೇ ಅವಳ ಕಷ್ಟ.

ಲಕ್ವ ಹೊಡೆದು ಮಾತು ನಿಂತುಹೋಗಿದ್ದ ಗಂಡನನ್ನು ವರ್ಷಗಟ್ಟಲೆ ಹಾಸಿಗೆಯಲ್ಲಿ ನೋಡಿಕೊಂಡವಳು ಅವಳು. ಬೆನ್ನಿಗೆ ಹುಣ್ಣಾಗಬಾರದು ಎಂದು ಹಗಲೂ ರಾತ್ರಿ ಮಗ್ಗುಲು ಬದಲಾಯಿಸಬೇಕಿತ್ತು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ತಿರುಗಿಸುವುದು.

ಮೊದಮೊದಲು ಮಾತಾಡಿಸುತ್ತಾ ತಿರುಗಿಸುತ್ತಿದ್ದಳು. "ನೋಡ್ರೀ, ಇವತ್ತು ಹುರುಳಿಕಾಳು ಸಾರು..." ಎಂದೆಲ್ಲ ಹೇಳುತ್ತಿದ್ದಳು.

ಬರಬರುತ್ತಾ ಮಾತು ನಿಂತಿತು. ಕೊನೆಕೊನೆಗೆ ಅಕ್ಕಿ ಮೂಟೆ ಹೊರಳಿಸಿದ ಹಾಗೆ ಹೊರಳಿಸಿ, ಅನ್ನಕ್ಕಿಡಲು ಹೋಗುತ್ತಿದ್ದಳು. ಅವಳಾದರೂ ಏನು ಮಾಡಿಯಾಳು? ದಣಿವು ಯಾರ ಮಾತು ಕೇಳುತ್ತದೆ?

ಅವಳು ಮುಟ್ಟಿ ತಿರುಗಿಸಿದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು...

'ನನ್ನ ಮುಖ ನೋಡೋಕೂ ಇವರಿಗೆ ಬೇಡವಾಗಿದೆ' ಎಂದೇ ಅವಳು ತಿಳಿದಳು. ಮಾತೇ ನಿಂತುಹೋದ ಮನುಷ್ಯನನ್ನು ಕೇಳುವುದಾದರೂ ಹೇಗೆ? ಉತ್ತರ ಹೇಳದೆಯೇ ಅವರು ಹೊರಟುಹೋದರು.

ಅಂದಿನಿಂದ ಅವಳ ಒಳಗೆಲ್ಲ ಜೋಮು ಹಿಡಿದ ಹಾಗೆ. ಹೆಂಡತಿಯಾಗಿ ಸೋತೆ ಅನ್ನುವುದು ಗೊತ್ತಿತ್ತು. ಆದರೆ ಅದೂ ನೋಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪ್ರಭಾಮಣಿ ಎರಡು ಮ್ಯಾಟ್ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಅವಳ ಮಹಿಳಾ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ ಪಿಲಾಟೆಸ್ ಅನ್ನುವ ವ್ಯಾಯಾಮದ ಚಾಲೆಂಜ್ ಶುರುವಾಗಿತ್ತು. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ಅದರಲ್ಲಿರುವ ಹುಡುಗಿ ಮಾಡಿದ ಹಾಗೆ ಮಾಡಿದರಾಯಿತು. ಒಬ್ಬಳೇ ಮಾಡಿದರೆ ಪ್ರಭಾಮಣಿಗೆ ಮ್ಯಾಟ್ ಮೇಲೇ ನಿದ್ದೆ ಬಂದುಬಿಡುತ್ತದಂತೆ!

"ಬನ್ನಿ ಅತ್ತಿಗೆ, ನಿಮಗೂ ಸೊಂಟ ಹಿಡ್ಕೊಂಡಿದೆ ಅಲ್ವಾ? ಹತ್ತು ನಿಮಿಷ ಅಷ್ಟೇ. ದೊಡ್ಡ ಸರ್ಕಸ್ ಏನಲ್ಲ."

"ಬೇಡ" ಅನ್ನುವುದಕ್ಕೂ ದಾಕ್ಷಾಯಿಣಿಗೆ ಮನಸ್ಸಿರಲಿಲ್ಲ. ಬಂದಳು.

ಪ್ರಭಾಮಣಿ ಹಾಲ್‌ನಲ್ಲಿ ಮ್ಯಾಟ್ ಹಾಸಿ, ಮೊಬೈಲನ್ನು ಚೊಂಬಿಗೆ ಒರಗಿಸಿಟ್ಟಳು.

"ಹಾಯ್, ಎಲ್ಲರೂ ರೆಡಿನಾ? ಹಾಗಾದ್ರೆ ಶುರು ಮಾಡೋಣ..." ಎಂದಳು ವಿಡಿಯೋದ ಹುಡುಗಿ.

ದಾಕ್ಷಾಯಿಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮ್ಯಾಟಿನ ಪಕ್ಕ ನೆಲದ ಮೇಲೆ ಮಂಡಿಯೂರಿ ಕೂತಳು. ಎರಡೂ ಕೈ ಮುಂದಕ್ಕೆ ಚಾಚಿ, ಖಾಲಿ ಮ್ಯಾಟನ್ನೇ ನೋಡುತ್ತಾ ಕಾದಳು.

ಪ್ರಭಾಮಣಿಗೆ ನಗು ತಡೆಯಲಾಗಲಿಲ್ಲ.

"ಅಯ್ಯೋ ಅತ್ತಿಗೆ! ಪಕ್ಕದಲ್ಲಿ ಕೂರೋದಲ್ಲ, ಮ್ಯಾಟ್ ಮೇಲೆ ಮಲಗಬೇಕು. ಅಲ್ಲಿ ಯಾರನ್ನ ಎತ್ತೋಕೆ ಕೂತಿದ್ದೀರಾ?"

ಹಾಗೆ ಅಂದವಳೇ ತಟ್ಟನೆ ನಾಲಿಗೆ ಕಚ್ಚಿಕೊಂಡಳು...

ದಾಕ್ಷಾಯಿಣಿಗೆ ಮಾತ್ರ ಏನೂ ಅನ್ನಿಸಲಿಲ್ಲ. "ಓ... ನಾನಾ ಮಲಗಬೇಕಾದ್ದು?" ಎಂದು ಮ್ಯಾಟ್ ಮೇಲೆ ಅಂಗಾತ ಮಲಗಿದಳು.

ಮಂಡಿ ಮಡಚಿ ಅಂದಾಗ ಮಡಚಿದಳು. ಉಸಿರು ಬಿಡಿ ಅಂದಾಗ ಬಿಟ್ಟಳು. ಎಲ್ಲ ಯಂತ್ರದ ಹಾಗೆ.

"ಈಗ ನಿಧಾನವಾಗಿ ಬಲ ಮಗ್ಗುಲಿಗೆ ಹೊರಳಿ..."

ಆಗಲಿಲ್ಲ. ಅಷ್ಟು ವರ್ಷ ಭಾರ ಎತ್ತಿದ ಸೊಂಟ ಒಪ್ಪಲಿಲ್ಲ. ಫ್ಯಾನ್ ನೋಡುತ್ತಾ ಅಂಗಾತವಾಗಿಯೇ ಉಳಿದಳು.

"ತಡೀರಿ, ನಾನು ಬಂದೆ" ಎಂದು ಪ್ರಭಾಮಣಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ತಿರುಗಿಸಿದಳು. ಮೆತ್ತಗೇನಲ್ಲ, ಅವಳ ಕೈಯೇ ಒರಟು. ಸಮಾಧಾನದ ಮಾತೂ ಆಡಲಿಲ್ಲ, ಅವಳ ಕಣ್ಣೆಲ್ಲ ವಿಡಿಯೋ ಮೇಲೆ.

ಆದರೂ ಬೆವೆತ ಬೆನ್ನಿಗೆ ಗಾಳಿ ತಾಗಿತು. ಸೊಂಟದ ಬಿಗಿ ಸಡಿಲವಾಯಿತು. ಹಾಯೆನಿಸಿ ದಾಕ್ಷಾಯಿಣಿಯ ಕಣ್ಣು ತಾವಾಗಿಯೇ ಮುಚ್ಚಿಕೊಂಡವು...

ಆಮೇಲೆ ಅವಳಿಗೆ ಅದು ಗೊತ್ತಾಯಿತು.

"ಪ್ರಭಾ..." ಎಂದಳು, ಕಣ್ಣು ತೆರೆಯದೆ. "ನಿಮ್ಮಣ್ಣ ಹೀಗೇ ಕಣ್ಣು ಮುಚ್ಚೋರು ಕಣೇ. ನಾನು ಮುಟ್ಟೋದು ಬೇಡ ಅಂತ ಮುಚ್ತಾರೆ ಅಂದ್ಕೊಂಡಿದ್ದೆ... ಅವರಿಗೆ ಹಿತ ಆಗ್ತಿತ್ತು ಕಣೇ! ನಾನು ಮೂಟೆ ಥರ ಹೊರಳಿಸಿದ್ರೂ ಹಿತ ಆಗ್ತಿತ್ತು..."

ಅಷ್ಟು ಹೇಳಿ ಅತ್ತಳು. ಮನೆಯೆಲ್ಲ ಕೇಳುವಂತೆ, ಸಾವಿನ ದಿನ ಅಳಬೇಕಾಗಿದ್ದ ಅಳು.

ಪ್ರಭಾಮಣಿ ಕೈ ತೆಗೆಯಲಿಲ್ಲ.

"ಬಂದಾಗೆಲ್ಲ ಅಣ್ಣನ ಕಾಲು ಮುಟ್ಟಿ ನಮಸ್ಕಾರ ಮಾಡಿ, ಕಾಫಿ ಕುಡಿದು ಹೋಗ್ತಿದ್ದೆ ಅತ್ತಿಗೆ. ಒಂದು ಸಲಾನೂ ಮಗ್ಗುಲು ತಿರುಗಿಸಲಿಲ್ಲ... ಹೋಗಿ ಹೋಗಿ ನಿಮ್ಮನ್ನ ಕಲ್ಲು ಅಂದುಬಿಟ್ಟೆ."

"ಸೂಪರ್! ಈಗ ಇನ್ನೊಂದು ಮಗ್ಗುಲು..." ಎಂದಳು ವಿಡಿಯೋದ ಹುಡುಗಿ. ಪಾಪ, ಅವಳಿಗೇನು ಗೊತ್ತು!

ಪ್ರಭಾಮಣಿ ಕಣ್ಣೊರೆಸಿಕೊಂಡು, ಅತ್ತಿಗೆಯನ್ನು ಇನ್ನೊಂದು ಮಗ್ಗುಲಿಗೂ ತಿರುಗಿಸಿದಳು. ಈ ಸಲ ನಿಧಾನವಾಗಿ.

*ದಣಿದ ಕೈ ಮಾಡಿದ್ದೂ ಸೇವೆಯೇ... ಅದು ಮಾಡಿಸಿಕೊಂಡ ಮೈಗೆ ಗೊತ್ತಿರುತ್ತದೆ.*

ನಿಮ್ಮ ಮನೆಯಲ್ಲೂ ಎಲ್ಲರನ್ನೂ ನೋಡಿಕೊಳ್ಳುವ ಒಂದು ಜೀವ ಇರಬಹುದು... "ನೀವು ಸ್ವಲ್ಪ ಮಲಗಿ, ನಾನು ನೋಡ್ಕೋತೀನಿ" ಎಂದು ಆ ಜೀವಕ್ಕೆ ನೀವು ಯಾವತ್ತಾದರೂ ಹೇಳಿದ್ದುಂಟಾ?