ಬಾಯಿ ತುಂಬ ಎಳ್ಳೆಣ್ಣೆ

ಸೊಸೆ ಅನುರಾಧಾ ಮುಕ್ಕಳಿಸಲು ಒಂದು ಚಮಚ ಎಳ್ಳೆಣ್ಣೆಯನ್ನು ಬಾಯಿಗೆ ಹಾಕಿಕೊಳ್ಳುವುದನ್ನೇ ಮಲಕಾಜಪ್ಪ ಕಾಯುತ್ತಿದ್ದ. ಅವಳ ಗಲ್ಲ ಎರಡೂ ಕಡೆ ಉಬ್ಬಿದ್ದೇ ತಡ, ಕುರ್ಚಿಯನ್ನು ಬಚ್ಚಲಿನ ಬಾಗಿಲಿಗೆ ಅಡ್ಡ ಎಳೆದು ಕುಳಿತು ಮಾತು ತೆಗೆದ.

ರಬಕವಿಯ ಬ್ಯಾಂಕಿನಲ್ಲಿದ್ದ ಅವಳಿಗೆ ಬಡ್ತಿಯ ಮೇಲೆ ಬೀಳಗಿ ಶಾಖೆ ಸಿಕ್ಕಿತ್ತು. ಬೇಕೋ ಬೇಡವೋ ಎಂದು ಇವತ್ತು ಹೇಳಬೇಕಿತ್ತು. ಊರೂರು ಬಸ್ಸು ಹತ್ತಿ ಇಳಿಯುವ ಸೊಸೆ ತನ್ನ ಮನೆಗೆ ಬೇಡ ಎಂಬುದು ಮಾವನ ತೀರ್ಮಾನ.

ಮಲಕಾಜಪ್ಪ ಮೊದಲು ಮೈಸೂರು ಕಡೆಯ ಮ್ಯಾನೇಜರನ ದನಿ ತೆಗೆದ. "ಅನುರಾಧಾ ಅವ್ರೇ, ಬೀಳಗಿಗೆ ಹೋಗ್ತೀರಾ ತಾನೇ?" ಆಮೇಲೆ ದನಿ ಸಣ್ಣ ಮಾಡಿ, ಸೊಸೆಯ ಉತ್ತರವನ್ನೂ ತಾನೇ ಕೊಟ್ಟ. "ಇಲ್ರಿ ಸರ್, ನಮ್ಮ ಮಾವಾರು ಬ್ಯಾಡ ಅಂದಾರ್ರಿ."

ಅನುರಾಧಾ ತಲೆಯನ್ನು ಜೋರಾಗಿ ಅಡ್ಡಡ್ಡ ಆಡಿಸಿದಳು.

"ಹಾಂ, ಹಂಗ ಅಲ್ಲಾಡಸು. ಎಣ್ಣಿ ಎಲ್ಲಾ ಮೂಲಿಗೂ ಹೋಗಲಿ," ಎಂದ ಮಲಕಾಜಪ್ಪ.

ಒಸಡಿನಿಂದ ರಕ್ತ ಬರುತ್ತದೆಂದು ಅತ್ತೆ ಹೊಳೆವ್ವನನ್ನು ಮುಧೋಳದ ಹಲ್ಲಿನ ಡಾಕ್ಟರ ಬಳಿ ಕರೆದೊಯ್ದವಳು ಅನುರಾಧಾ. ಡಾಕ್ಟರು ಇಬ್ಬರ ಹಲ್ಲನ್ನೂ ಸ್ವಚ್ಛ ಮಾಡಿ, ಬ್ರಶ್ ಬಿಡಬೇಡಿ, ಅದರ ಜೊತೆಗೆ ಬೇಕಾದರೆ ಎಣ್ಣೆ ಮುಕ್ಕಳಿಸಿ, ನುಂಗಬೇಡಿ ಅಂದಿದ್ದರು. ಅಂದಿನಿಂದ ಬೆಳಿಗ್ಗೆ ಹೊಳೆವ್ವನ ಬಾಯಲ್ಲೂ ಎಣ್ಣೆ. ಅವಳು ಮೊದಲಿಂದಲೂ ಮಾತಾಡದವಳಾದ್ದರಿಂದ ಗಂಡನಿಗೆ ಅದು ಗೊತ್ತೇ ಆಗಿರಲಿಲ್ಲ.

ಮಲಕಾಜಪ್ಪ ಜಮಖಂಡಿಯಲ್ಲಿ ಡ್ಯೂಟಿಯಲ್ಲಿದ್ದ ಮಗನಿಗೆ ಫೋನು ಹಚ್ಚಿದ. "ಸಿದರಾಯಾ, ನಿನ್ನ ಹೇಣ್ತೀನ ಕೇಳ್ದೆ. ಏನೂ ಅನಲಿಲ್ಲ. ಒಲ್ಲೆ ಅಂದಾಳ ಅಂತ ಬ್ಯಾಂಕಿಗೆ ಹೇಳಿಬಿಡು."

ಅನುರಾಧಾ ಬಚ್ಚಲಿನ ಗೊಡವೆ ಬಿಟ್ಟು ಅಂಗಳದ ಕರಿಬೇವಿನ ಬುಡಕ್ಕೆ ಉಗುಳಿ ಬಂದಳು. "ನಾ ಹೋಗಾಕಿ, ಮಾವಾರ. ಬ್ಯಾಂಕಿಗೆ ನಾನ ಹೇಳಾಕಿ."

ಫೋನು ಕೈಯಲ್ಲೇ ಉಳಿಯಿತು. ಈ ಮನೆಯಲ್ಲಿ ತನ್ನ ಮಾತಿಗೆ ಯಾರೂ ಎದುರಾಡಿಲ್ಲ ಎಂದ ಮಲಕಾಜಪ್ಪ. ಹಳೆಯ ಊರು ಅನಗವಾಡಿ ಬಿಟ್ಟು ಇಲ್ಲಿಗೆ ಬರುವಾಗ, ಹೊಳೆವ್ವನಿಗೆ ತವರಿನವರು ಕೊಟ್ಟ ಕುರಿ ಹಿಂಡನ್ನೇ ಮಾರಿದವನು ತಾನು. "ಆವತ್ತ ಆಕಿ ಒಂದ ಮಾತು ಅಂದಾಳೇನು? ಕೇಳ ನಿಮ್ಮ ಅತ್ತೀನ."

ಪಾತ್ರೆ ತಿಕ್ಕುತ್ತಿದ್ದ ಹೊಳೆವ್ವ ಎದ್ದಳು. ಕೈಯ ಬೂದಿ ತೊಳೆದಳು. ಕರಿಬೇವಿನ ಬುಡಕ್ಕೆ ಹೋಗಿ ಉಗುಳಿದಳು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು, ಅದರಲ್ಲಿ ರಕ್ತದ ಎಳೆ ಇರಲಿಲ್ಲ. ಸೆರಗಿನಿಂದ ಬಾಯೊರೆಸಿಕೊಂಡು ಗಂಡನ ಕುರ್ಚಿಯ ಮುಂದೆ ಬಂದು ನಿಂತಳು.

"ಆವತ್ತೂ ನನ್ನ ಬಾಯಿ ತುಂಬಿತ್ತರಿ. ಇವತ್ತ ಉಗುಳೇನಿ. ಈಗ ಹೇಳ್ರಿ, ನನ್ನ ಕುರಿ ಎಲ್ಲಿ ಅದಾವು?"

ಫೋನಿನೊಳಗಿಂದ ಸಿದರಾಯ ಹಲೋ, ಹಲೋ ಎನ್ನುತ್ತಿದ್ದ. ಊರಿನವರೆಲ್ಲರ ದನಿ ತೆಗೆಯಬಲ್ಲ ಮಲಕಾಜಪ್ಪ ಬಾಯಿ ಮುಚ್ಚಿಕೊಂಡು ಕುಳಿತಿದ್ದ. ಅದರಲ್ಲಿ ಎಣ್ಣೆ ಇರಲಿಲ್ಲ.