ಮೊದಲು ನೀವು ಹೋಗಿ

ಮನೆಗಾಡಿಯ ಕಕ್ಕಸಿನ ಟ್ಯಾಂಕು ತುಂಬಿದೆ ಅಂತ ಕೆಂಪು ದೀಪ ಹತ್ತಿಕೊಂಡಾಗ ಗೆರಿಟ್ ಮೊದಲು ಮಾಡಿದ ಕೆಲಸವೆಂದರೆ, ತನ್ನ ಟೋಪಿ ತೆಗೆದು ಆ ದೀಪದ ಮೇಲೆ ನೇತುಹಾಕಿದ್ದು.

"ಟೋಪಿ ತೆಗಿ," ಅಂದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಲೊರೇನ್. "ದೀಪ ನೋಡೋಕೆ ಮುಂಚೆನೇ ನನ್ನ ಮೂಗಿಗೆ ಗೊತ್ತಾಯ್ತು. ಇವತ್ತು ಇದು ಖಾಲಿ ಆಗಬೇಕು. ಆಗ್ಲಿಲ್ವೋ, ನಾಳೆ ಬೆಳಗ್ಗೆ ಗಾಡಿ ಮಾರಾಟಕ್ಕಿದೆ ಅಂತ ಬೋರ್ಡು ನಾನೇ ಬರೀತೀನಿ."

"ನಾನು ಹುಟ್ಟಿದ ಊರು ಕಣೇ ಇದು. ಇಲ್ಲಿ ಟ್ಯಾಂಕು ಖಾಲಿ ಮಾಡೋ ಒಂದೊಂದು ಗುಂಡಿನೂ ನಂಗೊತ್ತು," ಅಂದ ಗೆರಿಟ್. ನೌಕರಿಯಲ್ಲಿದ್ದಷ್ಟು ಕಾಲವೂ, ಮಂಚ, ಒಲೆ, ಕಕ್ಕಸು ಎಲ್ಲ ಒಳಗೇ ಇರುವ ಈ ಗಾಡಿಯ ಕನಸು ಕಂಡು, ನಿವೃತ್ತನಾದ ಮರುದಿನವೇ ಕೊಂಡವನು ಅವನು. ಅದನ್ನು ಮಾರುವುದೆಂದರೆ ಮೂತ್ರಪಿಂಡ ಮಾರಿದ ಹಾಗೆ.

ಆದರೆ ಮಿಶಿಗನ್ ಸರೋವರದ ದಂಡೆಯ ಆ ಊರು ಗೆರಿಟ್‌ನನ್ನು ಕೇಳದೆಯೇ ಬದಲಾಗಿತ್ತು. ಪೆಟ್ರೋಲ್ ಬಂಕಿನ ಹಿಂದಿದ್ದ ಗುಂಡಿ ಮುಚ್ಚಿ ಅದರ ಮೇಲೆ ಐಸ್‌ಕ್ರೀಮ್ ಅಂಗಡಿ ಎದ್ದಿತ್ತು. ಜನ ಸಾಲುಗಟ್ಟಿ ನೆಕ್ಕುತ್ತಿದ್ದರು. ದೋಣಿಕಟ್ಟೆಯಲ್ಲಿ ಟ್ಯಾಂಕು ಹೀರುವ ಪಂಪೇನೋ ಇತ್ತು, ಆದರೆ ದೋಣಿಗಳಿಗೆ ಮಾತ್ರ.

"ಇದನ್ನೂ ದೋಣಿ ಅಂತಲೇ ತಿಳ್ಕೊಳ್ಳಿ ಸ್ವಾಮಿ, ಮಳೆ ಬಂದ್ರೆ ತೇಲುತ್ತೆ," ಅಂತ ಗೆರಿಟ್ ಬೇಡಿಕೊಂಡ.

"ಹಂಗಾದ್ರೆ ನೀರಿಗಿಳಿಸ್ಕೊಂಡು ಬನ್ನಿ," ಅಂದ ಕಟ್ಟೆಯವನು.

ಮಧ್ಯಾಹ್ನದ ಹೊತ್ತಿಗೆ ಗಾಡಿಯ ಖ್ಯಾತಿ ಊರೆಲ್ಲ ಹಬ್ಬಿತ್ತು. ಮಕ್ಕಳ ಬಾಯಿಂದಲೇ ಆಲೂಗಡ್ಡೆ ಚಿಪ್ಸು ಕಸಿಯುವ ಅಲ್ಲಿನ ಕಡಲಕ್ಕಿಗಳು ಕೂಡ ಈ ಗಾಡಿ ಕಂಡರೆ ರಸ್ತೆ ಬಿಟ್ಟು ಹಾರುತ್ತಿದ್ದವು. ಗಾಳಿ ಪಶ್ಚಿಮಕ್ಕೆ ತಿರುಗಿದಾಗ, ಸರೋವರದ ಆಚೆ ದಡದ ವಿಸ್ಕಾನ್ಸಿನ್‌ನಲ್ಲಿ ರೈತರು ಹೊಲಕ್ಕೆ ಗೊಬ್ಬರ ಬಿತ್ತು ಅಂತ ಖುಷಿಪಟ್ಟರಂತೆ.

ಉಳಿದದ್ದು ಊರಾಚೆಯ ಉದ್ಯಾನದ ಗುಂಡಿ ಒಂದೇ. ಭಾನುವಾರ ಬೇರೆ, ರಜೆ ಮುಗಿಸಿ ಹೊರಟ ಮನೆಗಾಡಿಗಳೆಲ್ಲ ಅಲ್ಲೇ ಎರಡು ಸಾಲಾಗಿ ನಿಂತಿದ್ದವು. ತೆವಳುತ್ತ ತೆವಳುತ್ತ ಗೆರಿಟ್ ಕೊನೆಗೂ ಗುಂಡಿಯ ಮುಂದೆ ಬಂದ. ಅದೇ ಗಳಿಗೆಗೆ ಪಕ್ಕದ ಸಾಲಿನಿಂದ ಒಂದು ಬೆಳ್ಳಿಬಣ್ಣದ ಗಾಡಿಯೂ ಬಂತು. ಗೆರಿಟ್ ಕೈಬೀಸಿ, ಹೋಗಿ ಅಂದ. ಅದರೊಳಗಿನ ಬಿಳಿಮೀಸೆಯವನೂ ಕೈಬೀಸಿ, ನೀವು ಹೋಗಿ ಅಂದ. ಇಬ್ಬರೂ ಕೆಳಗಿಳಿದರು.

ಆ ಸೀಮೆಯಲ್ಲಿ ಇನ್ನೊಬ್ಬರಿಗಿಂತ ಮುಂದೆ ನುಗ್ಗುವುದು ಕೊಲೆಗಿಂತ ಸ್ವಲ್ಪವೇ ಕಡಿಮೆ. ಯಾರಾದರೂ ನುಗ್ಗಿದರೆ ಬೈಯುವುದಿಲ್ಲ. "ಶಿಕಾಗೋ ಕಡೆಯವರಿರಬೇಕು" ಅಂತ ಮೆಲ್ಲಗೆ ಅಂದುಬಿಡುತ್ತಾರೆ, ಮುಗೀತು. ಲೊರೇನ್ ಹುಟ್ಟಿ ಬೆಳೆದದ್ದು ಸರೋವರದ ದಕ್ಷಿಣ ತುದಿಯ ಆ ಶಿಕಾಗೋದಲ್ಲೇ. ಮದುವೆಯಾದಾಗ ಗೆರಿಟ್ ತನ್ನ ತಾಯಿಗೆ, "ಹುಡುಗಿ ಸರೋವರದ ದಕ್ಷಿಣದವಳು" ಅಂತಷ್ಟೇ ಹೇಳಿದ್ದ. ಆ ಗುಟ್ಟು ಕಾಯಲು ಲೊರೇನ್ ಅಂದಿನಿಂದ ತನ್ನ ಕಾಲು ತುಳಿದವರ ಹತ್ತಿರವೂ ತಾನೇ ಕ್ಷಮೆ ಕೇಳುತ್ತ ಬಂದಿದ್ದಳು.

"ಮೊದಲು ನೀವು ಬಂದ್ರಿ, ನೀವೇ ಹೋಗಿ," ಅಂದ ಗೆರಿಟ್.

"ಛೆ, ಎಲ್ಲಾದ್ರೂ ಉಂಟೇ! ನಿಮ್ಮ ಚಕ್ರ ಒಂದು ಗೇಣು ಮುಂದಿದೆ ನೋಡಿ."

"ನಮಗೇನೂ ಅರ್ಜೆಂಟಿಲ್ಲ ಸ್ವಾಮಿ. ನಮ್ಮದು ಅರ್ಧನೂ ತುಂಬಿಲ್ಲ."

ಕಿಟಕಿಯಲ್ಲಿ ಕೂತಿದ್ದ ಲೊರೇನ್‌ಗೆ ಆ ಮಾತು ಕೇಳಿಸಿತು. ಅವಳು ಕಣ್ಣು ಮುಚ್ಚಿಕೊಂಡಳು.

ಮಾತು ಹಾಗೇ ಬಿಳಿಮೀಸೆಯವನ ಮೊಣಕಾಲಿನ ಆಪರೇಷನ್ನಿಗೆ ಹೋಯಿತು. ಅಲ್ಲಿಂದ ಮೀನಿಗೆ, ಮೀನಿನಿಂದ ಈ ಸಲದ ಚೆರಿ ಹಣ್ಣಿಗೆ, ಚೆರಿಯಿಂದ ಗೆರಿಟ್‌ನ ಸೋದರಮಾವ ಯಾವ ಚರ್ಚಿನವನು ಅನ್ನುವಲ್ಲಿಗೆ ಬಂತು. ಹಿಂದಿನ ಸಾಲು ಹೆದ್ದಾರಿ ಮುಟ್ಟಿತು. ಒಬ್ಬನಾದರೂ ಹಾರ್ನ್ ಒತ್ತಬೇಕಲ್ಲ! ಹಿಂದೆ ಒಬ್ಬಾಕೆ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯತೊಡಗಿದಳು. ಒಂದು ತೋಳು ಮುಗಿಯಿತು.

"ಗೆರಿಟ್, ಗಾಡಿ ಹತ್ತು," ಅಂದಳು ಲೊರೇನ್.

"ಇರೇ, ಇವರು ಹೋಗ್ಲಿ."

"ಇಲ್ಲಮ್ಮ, ನೀವು ಹೋದ ಮೇಲೇ ನಾವು," ಅಂದ ಬಿಳಿಮೀಸೆ.

ಆಗ ಆ ಉದ್ಯಾನದಲ್ಲಿ ಯಾರೂ ಕೇಳಿರದ ಸದ್ದೊಂದು ಕೇಳಿತು. ಹಾರ್ನ್. ಉದ್ದಕ್ಕೆ, ಉಸಿರು ಬಿಡದೆ. ಕಡಲಕ್ಕಿಗಳೆಲ್ಲ ಎದ್ದವು. ಚಾಲಕನ ಸೀಟಿಗೆ ಜರುಗಿ ಕೂತಿದ್ದ ಲೊರೇನ್, ಹುಟ್ಟಿದ ಮೇಲೆ ಒಮ್ಮೆಯೂ ಓಡಿಸದ ಆ ಗಾಡಿಯನ್ನು ಇಬ್ಬರು ಗಂಡಸರ ನಡುವೆ ನುಗ್ಗಿಸಿ, ಗುಂಡಿಯ ಪಕ್ಕಕ್ಕೆ ಕೂದಲೆಳೆ ತಪ್ಪದಂತೆ ನಿಲ್ಲಿಸಿದಳು. ಇಳಿದಳು. ರಬ್ಬರ್ ಕೈಗವಸು ತೊಟ್ಟು, ಪೈಪು ಸಿಕ್ಕಿಸಿ, ಟ್ಯಾಂಕಿನ ಹಿಡಿಕೆ ಎಳೆದಳು. ಒಳಗಿನದು ಗುಡುಗುತ್ತ ಇಳಿಯಿತು, ಬಹಳ ಹೊತ್ತು ಇಳಿಯಿತು.

ಬಿಳಿಮೀಸೆಯವನು ಅಷ್ಟು ಹೊತ್ತೂ ಆಲಿಸಿದ. "ಅರ್ಧನೂ ತುಂಬಿಲ್ಲ ಅಂದ್ರಿ," ಅಂದ. ಆಮೇಲೆ ಬಹಳ ಮರ್ಯಾದೆಯಿಂದ, "ನಿಮ್ಮ ಮನೆಯವರು... ಎಲ್ಲಿಯವರು?" ಅಂದ.

ಗೆರಿಟ್ ಹೆಂಡತಿಯನ್ನು ನೋಡಿದ. ಹಿಂದಿನ ಸಾಲನ್ನು ನೋಡಿದ. ಹೆಣೆಯುತ್ತಿದ್ದವಳ ಸೂಜಿಯೂ ನಿಂತಿತ್ತು.

"ಶಿಕಾಗೋ," ಅಂದ, ಎಲ್ಲರಿಗೂ ಕೇಳುವಂತೆ. "ಅಪ್ಪಟ ಶಿಕಾಗೋ."

ಅವನು ಗಾಡಿಯ ಹತ್ತಿರ ಹೋದಾಗ ಲೊರೇನ್ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದಳು. ಕೆಂಪು ದೀಪ ಆರಿತ್ತು. ಅದರ ಮೇಲಿದ್ದ ಟೋಪಿ ಈಗ ಅವಳ ತಲೆಯ ಮೇಲಿತ್ತು.

"ಮತ್ತೆ... ಗಾಡಿ ಮಾರೋ ವಿಷಯ?" ಅಂದ ಗೆರಿಟ್, ಬಾಗಿಲು ಹಿಡಿದುಕೊಂಡು.

"ಗಾಡಿ ಏನು ತಪ್ಪು ಮಾಡಿದೆ? ಡ್ರೈವರ್ ಬದಲಾದ್ರೆ ಸಾಕು," ಅಂದಳು ಲೊರೇನ್. "ಆ ಕಡೆಯಿಂದ ಬಂದು ಹತ್ತು."