ಎದುರುಮನೆಗೊಂದು ಕರಪತ್ರ

“ಯಾರು ಕಳಿಸಿದ್ದು ನಿನ್ನ?”

ಆಂಜನಪ್ಪನವರು ಅದನ್ನೇ ತಿರುಗಿಸಿ ಮುರುಗಿಸಿ ಕೇಳುತ್ತಿದ್ದರು. ಬಾಗಿಲ ಬಳಿ ಚೀಲ ಹಿಡಿದು ನಿಂತಿದ್ದ ಮಂಗಳಗೌರಿ ಪ್ರತಿ ಸಲವೂ “ಯಾರೂ ಕಳ್ಸಿಲ್ಲ ಸಾರ್, ನಾನೇ ಬಂದೆ” ಎನ್ನುತ್ತಿದ್ದಳು. ಗುಬ್ಬಿಯ ಆ ಸೇವಾ ಸಮಿತಿಯ ಕಚೇರಿ ಎಂದರೆ ಅಧ್ಯಕ್ಷ ಆಂಜನಪ್ಪನವರ ಮನೆಯ ಮುಂದಿನ ಕೋಣೆ. ಯಾರಾದರೂ ಕಳಿಸದೆ ಅಲ್ಲಿಗೆ ಯಾರೂ ಬಂದದ್ದಿಲ್ಲ.

“ಏನು ಕೆಲಸ ಅಂದೆ?”

“ಬರ್ಕೊಡೋದು ಸಾರ್. ಆಟೋ ಮೈಕಲ್ಲಿ ಕೂಗ್ತಾರಲ್ಲ, ಕೇಬಲ್ ಟಿವಿಲಿ ಬರುತ್ತಲ್ಲ, ಆ ಮಾತುಗಳು. ತುಮಕೂರಲ್ಲಿ ಒಂದು ಬೇಕರಿಗೆ, ಒಂದು ಸೀರೆ ಅಂಗಡಿಗೆ ಬರ್ಕೊಟ್ಟಿದೀನಿ. ನಿಮ್ಮ ವ್ಯಾನಿಗೂ ಒಂದು...”

ವ್ಯಾನು ಅಂದದ್ದೇ ತಡ, ಪಕ್ಕದಲ್ಲಿ ಕೂತಿದ್ದ ಖಜಾಂಚಿ ತಿಪ್ಪಯ್ಯ ತಲೆ ತಗ್ಗಿಸಿದ. ಸಮಿತಿಯವರು ಚಂದಾ ಎತ್ತಿ ತಂದ ಮುಕ್ತಿವಾಹನ ಹೊರಗೆ ಹೊಂಗೆ ಮರದ ಕೆಳಗೆ ದೂಳು ಹಿಡಿದು ನಿಂತಿತ್ತು. ಹೆಣ ಸಾಗಿಸಲು ಪುಕ್ಕಟೆ ಕೊಡುತ್ತೇವೆಂದರೂ ಯುಗಾದಿಯಿಂದೀಚೆಗೆ ಒಬ್ಬರೂ ಅದನ್ನು ಕರೆದಿರಲಿಲ್ಲ. ಕಾರಣ ಊರಿಗೆಲ್ಲ ಗೊತ್ತು. ‘ನಿಮ್ಮ ಮನೆಯಲ್ಲಿ ಸಾವು ಸಂಭವಿಸಿದಾಗ ತಪ್ಪದೆ ನಮಗೆ ಅವಕಾಶ ಕೊಡಿ’ ಎಂದು ಕರಪತ್ರ ಅಚ್ಚು ಹಾಕಿಸಿದ್ದರು. ಲಗ್ನಪತ್ರಿಕೆ ಹಂಚಿ ಹಂಚಿ ಕೈ ಪಳಗಿದ್ದ ತಿಪ್ಪಯ್ಯ, ಅಭ್ಯಾಸಬಲದಿಂದ ಅಷ್ಟೂ ಕರಪತ್ರಗಳ ನಾಲ್ಕು ಮೂಲೆಗೆ ಅರಿಶಿನ ಹಚ್ಚಿಬಿಟ್ಟಿದ್ದ. ಹಬ್ಬದ ಬೆಳಗ್ಗೆ ಬಾಗಿಲಿಗೆ ಬಂದ ಅರಿಶಿನದ ಸಾವಿನೋಲೆ ನೋಡಿ ಜನ ಪೊರಕೆ ಹಿಡಿದು ಬಂದಿದ್ದರು. ಎಲ್ಲರಿಗಿಂತ ಮುಂದಿದ್ದವರು ಎದುರುಮನೆಯ ಪುಟ್ಟರಂಗಯ್ಯ. ಅವರು ಆಗತಾನೆ ಎದೆನೋವಿನಿಂದ ಚೇತರಿಸಿಕೊಂಡು ಆಸ್ಪತ್ರೆಯಿಂದ ಬಂದಿದ್ದರು.

“ಓಹೋ. ಹೋಗಿ ಆಡ್ಕೊಂಡು ಬಾ ಅಂತ ಎದುರುಮನೆಯವ್ನು ಕಳಿಸಿದ್ನಾ?” ಆಂಜನಪ್ಪನವರು ಕೆಮ್ಮಿದರು. ಬೀಡಿಯ ಕೆಮ್ಮು, ಒಮ್ಮೆ ಹಿಡಿದರೆ ಸುಲಭಕ್ಕೆ ಬಿಡದು. “ಹೆಸರೇನು?”

“ಮಂಗಳಗೌರಿ.”

“ಕೇಳಿಸ್ಕೊಂಡೇನ್ಲಾ ತಿಪ್ಪಯ್ಯ? ಹೆಸರು ಮಂಗಳಗೌರಿ, ಹುಡುಕ್ಕೊಂಡು ಬಂದಿರೋದು ಹೆಣದ ಗಾಡಿ ಕೆಲಸ. ನಿನ್ನ ಅರಿಶಿನಕ್ಕೆ ಸರಿಯಾದ ಜೋಡಿ ಬುಡು.”

ಮಂಗಳಗೌರಿ ನಗಲಿಲ್ಲ. ಈವತ್ತೂ ಬರಿಗೈಲಿ ಬಂದರೆ ಸೋಮವಾರದಿಂದ ಅಂತರಸನಹಳ್ಳಿಯ ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಹೋಗಬೇಕೆಂದು ಅಣ್ಣ ಗಂಗರಾಜು ಬೆಳಗ್ಗೆಯೇ ಹೇಳಿದ್ದ. ಅಲ್ಲಿಯ ಮೇಸ್ತ್ರಿಗೆ ಮಾತೂ ಕೊಟ್ಟಾಗಿತ್ತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಕೂತು ಗೀಚುವುದನ್ನು ಕೆಲಸ ಅಂತ ಮನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅವಳು ಚೀಲದಿಂದ ಎರಡು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಎರಡರಲ್ಲೂ ಒಂದೇ ಒಕ್ಕಣೆ, ದುಂಡು ಅಕ್ಷರ.

ಆಂಜನಪ್ಪನವರು ಮುಟ್ಟಲಿಲ್ಲ. “ನೀನೇ ಓದು.”

ಅವಳು ನೆಲ ನೋಡುತ್ತಲೇ ಹೇಳಿದಳು, ಓದುವ ಅಗತ್ಯವಿರಲಿಲ್ಲ. “ಎದುರುಮನೆಯಲ್ಲಿ ಸಾವಾದಾಗ ಆ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಆಗ ಆಸರೆಯಾಗಬೇಕಾದವರು ನೀವು. ಒಂದು ಫೋನು ಮಾಡಿ, ಉಳಿದದ್ದು ನಮಗೆ ಬಿಡಿ.”

“ಎದುರುಮನೆ ಯಾಕೆ?”

“ಸಾವಾದ ಮನೆಯೋರು ಫೋನ್ ಮಾಡಲ್ಲ ಸಾರ್, ಅಳ್ತಾ ಇರ್ತಾರೆ. ಮಾಡೋರು ಅಕ್ಕಪಕ್ಕದೋರೇ. ನಮ್ಮಪ್ಪ ಹೋದಾಗ ಹಂಗೇ ಆಗಿದ್ದು.”

ತಿಪ್ಪಯ್ಯ ಮೆಲ್ಲಗೆ ತಲೆಯಾಡಿಸಿದ. ಆಂಜನಪ್ಪನವರು ಅವನನ್ನು ದುರುಗುಟ್ಟಿ ನೋಡಿದರು. “ಮಾತು ಬಲು ನಯವಾಗಿದೆ. ಅದಕ್ಕೇ ನಂಗೆ ಅನುಮಾನ. ಒಂದು ಕೆಲಸ ಮಾಡು. ಇದನ್ನ ಮೊದಲು ಆ ಪುಟ್ಟರಂಗನಿಗೆ ಕೊಟ್ಟು ಬಾ. ಅವ್ನು ಪೊರಕೆ ಹಿಡೀಲಿಲ್ಲ ಅಂದ್ರೆ ಕೆಲಸ ನಿಂದು.”

ಒಂದು ಹಾಳೆ ಹಿಡಿದು ಮಂಗಳಗೌರಿ ರಸ್ತೆ ದಾಟಿದಳು. ಪುಟ್ಟರಂಗಯ್ಯ ಜಗಲಿಯ ಮೇಲೆ ಕೂತಿದ್ದರು. “ಯಾರು ಕಳಿಸಿದ್ದು?” ಎಂದು ಅವರೂ ಕೇಳಿದರು. ಅವಳು ಹಿಂದಕ್ಕೆ ಕೈ ತೋರಿಸಿದಳು. ಅವರು ಮೊದಲು ಹಾಳೆಯ ಮೂಲೆಗಳನ್ನು ನೋಡಿದರು, ಹಿಂದೆ ಮುಂದೆ ತಿರುಗಿಸಿದರು. ಆಮೇಲೆ ತುಟಿ ಅಲ್ಲಾಡಿಸುತ್ತ ಓದಿದರು. ಅಷ್ಟರಲ್ಲಿ ತಮ್ಮ ಮನೆಯ ಗೇಟಿಗೆ ಬಂದು ನಿಂತಿದ್ದ ಆಂಜನಪ್ಪನವರಿಗೆ ಮತ್ತೆ ಕೆಮ್ಮು ಹತ್ತಿತು. ಪುಟ್ಟರಂಗಯ್ಯ ತಲೆಯೆತ್ತಿ ಆ ಕೆಮ್ಮು ನಿಲ್ಲುವವರೆಗೂ ಕಿವಿಗೊಟ್ಟು ಕೇಳಿದರು.

“ಪಾಪ, ದಿಕ್ಕು ತೋಚಲ್ಲ ಅನ್ನೋದು ನಿಜ ಕಣಮ್ಮ,” ಎಂದು ಎದ್ದು ಒಳಗೆ ಹೋಗಿ ಮೊಳೆ ತಂದರು. ಬಾಗಿಲ ಚೌಕಟ್ಟಿಗೆ ಹಾಳೆ ಒತ್ತಿ ಹಿಡಿದು, ಕಲ್ಲಿನಿಂದ ಎರಡೇಟು ಹಾಕಿದರು.

ಅವಳು ಮರಳಿ ಬರುವಷ್ಟರಲ್ಲಿ ಆಂಜನಪ್ಪನವರ ಮುಖ ಅರಳಿತ್ತು. “ಹೊಡೆದೇಬಿಟ್ನಲ್ಲೋ ಮೊಳೆಯ. ನಾಳೆ ಪ್ರೆಸ್ಸಿಗೆ ಬಾಮ್ಮ, ಕೆಲಸ ನಿಂದೇ. ಸೋಮವಾರದಿಂದ ಆಟೋದಲ್ಲೂ ಕೂಗಿಸೋಣ.”

ಮಂಗಳಗೌರಿ ಉಸಿರು ಬಿಟ್ಟಳು. ಎದುರು ಜಗಲಿಯಲ್ಲಿ ಪುಟ್ಟರಂಗಯ್ಯ ಹಾಳೆಯ ಪಕ್ಕದಲ್ಲೇ ಕೂತು, ರೆಪ್ಪೆ ಮಿಟುಕಿಸದೆ ಇತ್ತಲೇ ನೋಡುತ್ತಿದ್ದರು.

“ಅವ್ನು ಯಾಕ್ಲಾ ನಮ್ಮನೆ ಕಡೆಗೇ ನೋಡ್ತಾವ್ನೆ?”

“ಅವ್ರಿಗೆ ನೀವೇ ಅಲ್ವಾ ಎದುರುಮನೆ,” ಎಂದ ತಿಪ್ಪಯ್ಯ.

ಆಂಜನಪ್ಪನವರ ನಗು ಅರ್ಧಕ್ಕೇ ನಿಂತಿತು. ಒಳಗೆ ಹೋಗಿ ಮೇಜಿನ ಮೇಲಿದ್ದ ಇನ್ನೊಂದು ಹಾಳೆ ಎತ್ತಿಕೊಂಡರು. ಉಕ್ಕಿ ಬಂದ ಕೆಮ್ಮನ್ನು ಗಂಟಲಲ್ಲೇ ನುಂಗಿ, ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದರು.

“ಲೇ, ಒಂದು ಮೊಳೆ ತಗೊಂಡ್ಬಾರೇ. ದೊಡ್ಡದು ನೋಡಿ ತಾ.”